ಎಸ್ಕೇಪ್ ರೂಮ್ ಆಟಕ್ಕೆ ಒಗಟು ಮತ್ತು ತರ್ಕದ ಸಮಸ್ಯೆಗಳನ್ನು ಕಟ್ಟುವ ಬಗೆ

ಒಂದು ಕೋಣೆ, ನಾಲ್ಕರಿಂದ ಆರು ಜನರ ತಂಡ, ಸಾಮಾನ್ಯವಾಗಿ 60 ನಿಮಿಷದ ಗಡುವು, ಒಂದನ್ನು ಬಿಡಿಸಿದರೆ ಮತ್ತೊಂದರ ದಾರಿ ತೋರುವ ಒಗಟುಗಳು: ಎಸ್ಕೇಪ್ ರೂಮ್ ಆಟದ ಬಂಡವಾಳ ಇಷ್ಟೇ. ಮೊದಲು ಕಂಪ್ಯೂಟರ್ ಪರದೆಯ ಮೇಲಿದ್ದ ಈ ಬಗೆಯ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ತಕಾವೊ ಕಾಟೊ ಎಂಬವರು ನಿಜವಾದ ಕೋಣೆಗೆ ತಂದರು. ಅಲ್ಲಿಂದಾಚೆಗೆ ಅದು ಹಲವು ದೇಶಗಳಿಗೆ ಹಬ್ಬಿತು. ಈಗ ತರಗತಿಯಲ್ಲಿ, ಕಚೇರಿಯ ಸಭಾಕೊಠಡಿಯಲ್ಲಿ, ಮನೆಯ ಹಜಾರದಲ್ಲಿಯೂ ಇದನ್ನು ಆಡಿಸುವವರಿದ್ದಾರೆ. ಬೀಗ, ಪೆಟ್ಟಿಗೆ, ಟಾರ್ಚ್‌ಗಳನ್ನು ಹೊಂದಿಸುವುದು ಅರ್ಧ ದಿನದ ಕೆಲಸ. ಅವುಗಳ ನಡುವೆ ಇರಬೇಕಾದ ಒಗಟುಗಳನ್ನು ಬರೆಯುವುದಕ್ಕೆ ವಾರಗಳೇ ಹಿಡಿಯುತ್ತವೆ.

ನಾನು ಇಂತಹ ಆಟಗಳಿಗೆ ಒಗಟು ಬರೆಯಲು ತೊಡಗಿ ಕೆಲವು ವರ್ಷಗಳಾದವು. ಇಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತ ಮಾತೆಂದರೆ, ಒಳ್ಳೆಯ ಒಗಟು ತನ್ನ ಉತ್ತರಕ್ಕೆ ತಾನೇ ಸಾಕ್ಷಿ ನುಡಿಯುತ್ತದೆ. ಬೀಗಕ್ಕೆ ಕೈ ಹಚ್ಚುವ ಮೊದಲೇ ಆಟಗಾರರಿಗೆ ‘ಇದೇ ಸರಿ, ಬೇರೆ ಇರಲಾರದು’ ಎನ್ನಿಸಬೇಕು. ಹಾಗೆ ಎನ್ನಿಸದಿದ್ದರೆ ಬೀಗ ತೆರೆದಾಗಲೂ ಅವರಿಗೆ ಸಂತೋಷವಾಗುವುದಿಲ್ಲ, ತೆರೆಯದಿದ್ದಾಗ ತಪ್ಪು ಎಲ್ಲಿದೆಯೆಂದು ತಿಳಿಯುವುದೂ ಇಲ್ಲ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ಗುಣವನ್ನು ಸಾಧಿಸಿಕೊಳ್ಳುವುದಕ್ಕಾಗಿಯೇ ಇವೆ.

ಹೆಜ್ಜೆ 1: ಕೊನೆಯ ಬೀಗದಿಂದ ಹಿಂದಕ್ಕೆ ಬನ್ನಿ

ಮೊದಲ ಒಗಟಿನಿಂದ ಬರೆಯಲು ಕೂತರೆ ನಾಲ್ಕನೆಯ ಒಗಟಿನ ಹೊತ್ತಿಗೆ ದಾರಿ ತಪ್ಪುತ್ತದೆ. ದೊಡ್ಡ ಹಾಳೆಯ ಬಲತುದಿಯಲ್ಲಿ ಕೊನೆಯ ಬೀಗವನ್ನು ಬರೆದು, ‘ಇದನ್ನು ತೆರೆಯಲು ಏನು ಬೇಕು, ಅದು ಎಲ್ಲಿ ಸಿಗುತ್ತದೆ’ ಎಂದು ಕೇಳಿಕೊಳ್ಳುತ್ತಾ ಎಡಕ್ಕೆ ಬಾಣದ ಗುರುತು ಹಾಕುತ್ತಾ ಬನ್ನಿ. ಪ್ರತಿ ಬಾಣವೂ ಒಂದು ವಸ್ತುವನ್ನೋ ಒಂದು ಸಂಖ್ಯೆಯನ್ನೋ ಒಂದು ಪದವನ್ನೋ ಮುಂದಿನ ಒಗಟಿಗೆ ಸಾಗಿಸಬೇಕು. ಯಾವ ಬಾಣವೂ ಹೊರಡದ ಒಗಟು ಕೋಣೆಯಲ್ಲಿ ಇರಬಾರದು.

ಎಲ್ಲ ಒಗಟುಗಳನ್ನೂ ಒಂದೇ ಸಾಲಿನಲ್ಲಿ ಪೋಣಿಸಿದರೆ ಇಬ್ಬರು ಬಿಡಿಸುತ್ತಿರುವಾಗ ಉಳಿದ ನಾಲ್ವರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಆರಂಭದಲ್ಲಿಯೇ ಎರಡು ಅಥವಾ ಮೂರು ಕವಲುಗಳನ್ನು ತೆರೆದಿಟ್ಟು, ಅವುಗಳ ಉತ್ತರಗಳೆಲ್ಲ ಕೊನೆಯ ಒಂದು ದೊಡ್ಡ ಒಗಟಿನಲ್ಲಿ ಕೂಡುವಂತೆ ಮಾಡುವುದು ಮೇಲು. ಇಬ್ಬರೇ ಆಡುವ ಆಟವಾದರೆ ಮಾತ್ರ ಒಂದೇ ಸಾಲು ಸಾಕಾಗುತ್ತದೆ.

ಹೆಜ್ಜೆ 2: ಒಗಟು ಕನ್ನಡದಲ್ಲಿಯೇ ಹುಟ್ಟಲಿ

ನಾನು ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಓದಿದ್ದ ಗಡಿಯಾರದ ಒಗಟೊಂದನ್ನು ‘ಎರಡು ಕೈಗಳಿವೆ, ಆದರೂ ಏನನ್ನೂ ಹಿಡಿಯುವುದಿಲ್ಲ’ ಎಂದು ಅನುವಾದಿಸಿ ಕಾರ್ಡಿನ ಮೇಲೆ ಬರೆದಿಟ್ಟಿದ್ದೆ. ತಂಡದವರು ಗೋಡೆಯ ಗಡಿಯಾರದ ಕೆಳಗೇ ನಿಂತು ಹತ್ತು ನಿಮಿಷ ತಲೆ ಕೆಡಿಸಿಕೊಂಡರು; ತೂಗುಹಾಕಿದ್ದ ಅಂಗಿಯ ತೋಳನ್ನೆಲ್ಲ ತಡಕಿದರು. ತಪ್ಪು ಅವರದಾಗಿರಲಿಲ್ಲ. ಗಡಿಯಾರಕ್ಕೆ ಕೈ ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅದಕ್ಕಿರುವುದು ಮುಳ್ಳು. ಆ ರಾತ್ರಿಯೇ ಅದನ್ನು ಹೀಗೆ ತಿದ್ದಿದೆ:

ಮೂರು ಮುಳ್ಳಿದ್ದರೂ ಚುಚ್ಚದು,
ಹಗಲಿರುಳು ನಡೆದರೂ ಮನೆ ಬಿಡದು.

ಮುಳ್ಳು ಎಂಬ ಪದದ ಎರಡು ಅರ್ಥಗಳ ನಡುವೆ ಈ ಒಗಟು ನಿಂತಿದೆ. ಮೊದಲ ಸಾಲು ಗಿಡದ ಕಡೆಗೆ ಕರೆದೊಯ್ಯುತ್ತದೆ, ಎರಡನೆಯ ಸಾಲು ಅದನ್ನು ಅಲ್ಲಗಳೆಯುತ್ತದೆ, ಏಕೆಂದರೆ ಗಿಡ ನಡೆಯುವುದಿಲ್ಲ. ಎರಡೂ ಸಾಲುಗಳು ಒಟ್ಟಿಗೆ ಒಪ್ಪುವ ವಸ್ತು ಒಂದೇ. ಮುಳ್ಳು ಮೂರು ಎಂಬ ಎಣಿಕೆಯೂ ಸಾಕ್ಷಿಗೆ ಸೇರಿಕೊಳ್ಳುತ್ತದೆ. ಹಾಗಾಗಿ ಕೋಣೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಇರಲೇಬೇಕು. ಕಾಲು, ಕಣ್ಣು, ಬಾಯಿ, ಹಲ್ಲು, ಕಿವಿ, ಮೂಗು ಎಂದು ನಾವು ವಸ್ತುಗಳಿಗೆ ಹೇಳುವ ಅಂಗಗಳನ್ನೆಲ್ಲ ಒಂದು ಕಾಗದದಲ್ಲಿ ಪಟ್ಟಿ ಮಾಡಿಕೊಂಡರೆ ಒಗಟಿನ ಬೀಜಗಳು ತಾವಾಗಿಯೇ ಸಿಗುತ್ತವೆ: ಸೂಜಿಯ ಕಣ್ಣು, ಬಾವಿಯ ಬಾಯಿ, ಗರಗಸದ ಹಲ್ಲು, ಮೇಜಿನ ಕಾಲು.

ಬೀಜ ಸಿಕ್ಕ ಕೂಡಲೇ ಒಗಟು ಮುಗಿಯಿತೆಂದುಕೊಳ್ಳಬಾರದು. ‘ನಾಲ್ಕು ಕಾಲಿದ್ದರೂ ನಡೆಯದು’ ಎಂದಷ್ಟೇ ಬರೆದರೆ ಮೇಜು, ಕುರ್ಚಿ, ಮಂಚ ಮೂರೂ ಉತ್ತರವಾಗುತ್ತವೆ, ಮತ್ತು ಆ ಮೂರೂ ನಿಮ್ಮ ಕೋಣೆಯಲ್ಲಿ ಇರಬಹುದು. ‘ನಾಲ್ಕು ಕಾಲಿದ್ದರೂ ನಡೆಯದು, ತಾನು ನಿಂತೇ ಇದ್ದು ಬಂದವರನ್ನು ಕೂರಿಸುವುದು’ ಎಂದರೆ ಕುರ್ಚಿಯೊಂದೇ ಉಳಿಯುತ್ತದೆ. ಒಗಟು ಬರೆದಾದ ಮೇಲೆ ಕೋಣೆಯ ಪ್ರತಿಯೊಂದು ವಸ್ತುವಿನ ಮುಂದೆಯೂ ನಿಂತು ‘ಇದು ಉತ್ತರವಾಗಬಹುದೇ’ ಎಂದು ಕೇಳಿಕೊಳ್ಳಿ. ಎರಡು ವಸ್ತುಗಳು ಹೌದೆಂದರೆ ಇನ್ನೊಂದು ಸಾಲು ಬೇಕು, ಇಲ್ಲವೇ ಎರಡನೆಯ ವಸ್ತುವನ್ನು ಕೋಣೆಯಿಂದ ಹೊರಗಿಡಬೇಕು. ಎರಡನೆಯ ಉಪಾಯ ಎಷ್ಟೋ ಸಲ ಸುಲಭವಾದದ್ದು.

ಹೆಜ್ಜೆ 3: ಪದವನ್ನು ಅಂಕಿಗೆ ತನ್ನಿ

ಅಕ್ಷರಗಳಿರುವ ಬೀಗಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಸಿಗುವುದರಿಂದ ಕನ್ನಡದ ಒಗಟಿನ ಉತ್ತರವನ್ನು ಅಂಕಿಗೆ ತರುವ ಸೇತುವೆಯೊಂದು ಬೇಕಾಗುತ್ತದೆ. ನಮ್ಮ ವರ್ಣಮಾಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಾಚೀನ ಗ್ರೀಕರು ಬಳಸಿದ, ಪಾಲಿಬಿಯಸ್ ಚೌಕ ಎಂದು ಹೆಸರಾದ ಸಂಕೇತದಲ್ಲಿ ಐದು ಸಾಲು, ಐದು ಕಂಬಗಳ ಮನೆಯಲ್ಲಿ ಅಕ್ಷರಗಳನ್ನು ತುಂಬಿ, ಪ್ರತಿ ಅಕ್ಷರವನ್ನು ಸಾಲಿನ ಮತ್ತು ಕಂಬದ ಅಂಕಿಗಳಿಂದ ಗುರುತಿಸುತ್ತಾರೆ. ಇಂಗ್ಲಿಷಿನ 26 ಅಕ್ಷರಗಳು ಈ 25 ಮನೆಗಳಲ್ಲಿ ಹಿಡಿಯುವುದಿಲ್ಲ, ಎರಡು ಅಕ್ಷರಗಳನ್ನು ಒಂದೇ ಮನೆಯಲ್ಲಿ ತುರುಕಬೇಕಾಗುತ್ತದೆ. ಕನ್ನಡದ ವರ್ಗೀಯ ವ್ಯಂಜನಗಳು ಕದಿಂದ ಮವರೆಗೆ ಸರಿಯಾಗಿ 25. ಸಾಲುಗಳೂ ಐದೈದರಂತೆ ಮೊದಲೇ ಜೋಡಣೆಯಾಗಿವೆ. ಕ ಎಂದರೆ 11, ಟ ಎಂದರೆ 31, ಮ ಎಂದರೆ 55.

ಹಾಗಾದರೆ 11 31 11 ಎಂಬುದು ಕ, ಟ, ಕ. ಕಾಗುಣಿತದ ಚಿಹ್ನೆಗಳನ್ನು ನಾವು ಹೇಳಿಲ್ಲ. ಆಟಗಾರರೇ ತುಂಬಿಕೊಂಡು ‘ಕಿಟಕಿ’ ಎಂದು ಓದಬೇಕು, ತಲೆಯೆತ್ತಿದರೆ ಎದುರಿಗೆ ಕಿಟಕಿ ಇರಬೇಕು. ಅದೇ 51 31 ಎಂದು ಕೊಟ್ಟರೆ ಪಟ, ಪೇಟ, ಪೇಟೆ ಎಂದು ಹಲವು ಪದಗಳಾಗಿ ತಂಡದಲ್ಲಿ ವಾದ ಹುಟ್ಟುತ್ತದೆ. ಈ ಚೌಕಕ್ಕೆ ಪದ ಆರಿಸುವಾಗ ಒತ್ತಕ್ಷರವಿರುವ ಪದಗಳನ್ನೂ ಯದಿಂದ ಳವರೆಗಿನ ಅಕ್ಷರಗಳಿರುವ ಪದಗಳನ್ನೂ ಬಿಟ್ಟುಬಿಡಿ.

ಇನ್ನೊಂದು ಸೇತುವೆ ಕಟಪಯಾದಿ, ಅಂದರೆ ಅಕ್ಷರಗಳಿಂದ ಅಂಕಿಗಳನ್ನು ಸೂಚಿಸುವ ನಮ್ಮ ಹಳೆಯ ಪದ್ಧತಿ. ಕದಿಂದ ಝವರೆಗೆ 1ರಿಂದ 9, ಟದಿಂದ ಧವರೆಗೆ ಮತ್ತೆ 1ರಿಂದ 9, ಪದಿಂದ ಮವರೆಗೆ 1ರಿಂದ 5, ಯದಿಂದ ಹವರೆಗೆ 1ರಿಂದ 8. ಞ ಮತ್ತು ನ ಎರಡಕ್ಕೂ ಸೊನ್ನೆ. ಹೀಗೆ ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವುದು ಇದರ ಸಂಪ್ರದಾಯ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಕ್ರಮಸಂಖ್ಯೆಯನ್ನು ಹೆಸರಿನ ಮೊದಲ ಎರಡು ಅಕ್ಷರಗಳಿಂದ ತಿಳಿಯುವುದು ಇದೇ ಲೆಕ್ಕದಲ್ಲಿ: ಮಾಯಾಮಾಳವಗೌಳದ ಮ 5, ಯ 1, ತಿರುಗಿಸಿ ಓದಿದರೆ 15. ಆದರೆ ಆಟಗಾರರಿಗೆ ಇದು ಮೊದಲೇ ತಿಳಿದಿರಬೇಕೆಂದು ನಿರೀಕ್ಷಿಸಕೂಡದು. ಹೊರಗಿನ ಜ್ಞಾನ ಬೇಡುವ ಒಗಟು ಅನ್ಯಾಯದ ಒಗಟು. ಪಟ್ಟಿ ಕೋಣೆಯಲ್ಲಿಯೇ ಎಲ್ಲೋ ಸಿಗಬೇಕು.

ಈ ಎರಡು ಹೆಜ್ಜೆಗಳನ್ನು ಕೂಡಿಸಿ ನೋಡೋಣ. ಮುಳ್ಳಿನ ಒಗಟಿನ ಉತ್ತರ ‘ಗಡಿಯಾರ’. ಗೋಡೆಯಲ್ಲಿರುವ ಪಟ್ಟಿಯಿಂದ ಗ 3, ಡ 3, ಯ 1, ರ 2, ಅಂದರೆ 3312. ಬೀಗ ತೆರೆಯುವುದಿಲ್ಲ. ಪಟ್ಟಿಯ ಅಡಿಯಲ್ಲಿ ಎರಡನೆಯ ಒಗಟೊಂದಿದೆ: ‘ನೀನು ನಕ್ಕರೆ ನಗುವುದು, ನೀನು ಅತ್ತರೆ ಅಳುವುದು, ಕತ್ತಲಾದರೆ ನಿನ್ನನ್ನೇ ಮರೆಯುವುದು, ಅದರಂತೆ ಓದು.’ ಕತ್ತಲಲ್ಲಿ ಮರೆಯುವುದು ನೆರಳೂ ಹೌದು, ಆದರೆ ನೆರಳು ನಗುವುದಿಲ್ಲ, ಉತ್ತರ ಕನ್ನಡಿ. ಕನ್ನಡಿಯಂತೆ ಎಡಬಲ ತಿರುಗಿಸಿದರೆ 2133, ಬೀಗ ತೆರೆಯುತ್ತದೆ. ಸಂಪ್ರದಾಯದ ಓದುವ ಕ್ರಮವೇ ಇಲ್ಲಿ ಒಗಟಾಗಿ ಬಂದಿದೆ, ಯಾರೂ ಅದನ್ನು ಮೊದಲೇ ಅರಿತಿರಬೇಕಾಗಿಲ್ಲ. ಅಂಕಿಗಳನ್ನು ನಿಜವಾಗಿ ಕನ್ನಡಿಯ ಮುಂದೆ ಹಿಡಿಯುವಂತೆ ಮಾಡಬೇಡಿ. ಅಂಕಿಗಳ ಆಕಾರವೂ ತಿರುವುಮುರುವಾಗಿ ಗೊಂದಲ ಹೆಚ್ಚುತ್ತದೆ.

ಅಕ್ಷರ ಮತ್ತು ಅಂಕಿಗಳ ರೂಪದ ಬಗ್ಗೆ ಎಚ್ಚರ ಬೇಕು. ಬಿಡಿ ಚೀಟಿಯ ಮೇಲಿನ 6 ತಲೆಕೆಳಗಾದರೆ 9. ಅಡಿಗೆರೆ ಎಳೆಯದೆ ಅದನ್ನು ಕೋಣೆಯಲ್ಲಿಡಬಾರದು. ಕನ್ನಡ ಅಂಕಿಗಳನ್ನು ಬಳಸುವುದಾದರೆ ಅಂಕಿಯ ೦ ಮತ್ತು ಅನುಸ್ವಾರದ ಸೊನ್ನೆ ಒಂದೇ ಬಗೆಯಾಗಿ ಕಾಣುವುದನ್ನು ನೆನಪಿಡಿ.

ಹೆಜ್ಜೆ 4: ತರ್ಕದ ಸಮಸ್ಯೆಯನ್ನು ತೂಗಿ ನೋಡಿ

ಒಗಟು ಥಟ್ಟನೆ ಹೊಳೆಯುತ್ತದೆ, ತರ್ಕದ ಸಮಸ್ಯೆ ಒಂದೊಂದಾಗಿ ಕಳೆಯುತ್ತಾ ಹೋದಂತೆ ಬಿಡಿಸಿಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಎರಡೂ ಇದ್ದರೆ ಬೇರೆ ಬೇರೆ ಸ್ವಭಾವದವರಿಗೆ ಕೆಲಸ ಸಿಗುತ್ತದೆ. ಒಂದು ಚಿಕ್ಕ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೆಂಪು, ಹಸಿರು, ನೀಲಿ, ಹಳದಿ ರಟ್ಟಿನ ನಾಲ್ಕು ಪುಸ್ತಕಗಳಿವೆ; ಪ್ರತಿಯೊಂದರ ಬೆನ್ನಿನ ಮೇಲೆ ಒಂದು ಅಂಕಿ. ಸರಿಯಾದ ಸಾಲಿನಲ್ಲಿ ಜೋಡಿಸಿದರೆ ಬೀಗದ ಸಂಖ್ಯೆ. ಕೊಟ್ಟಿರುವ ಸುಳಿವು ಮೂರು:

ಕೆಂಪು ಪುಸ್ತಕದ ಬಲಕ್ಕೆ ಅಂಟಿಕೊಂಡೇ ನೀಲಿ ಪುಸ್ತಕವಿದೆ.
ಹಸಿರು ಪುಸ್ತಕ ಯಾವ ತುದಿಯಲ್ಲೂ ಇಲ್ಲ.
ಹಳದಿ ಪುಸ್ತಕ ಕೆಂಪಿಗಿಂತ ಎಡಗಡೆ ಇದೆ.

ನಾಲ್ಕು ಪುಸ್ತಕಗಳನ್ನು ಜೋಡಿಸುವ ಬಗೆಗಳು ಒಟ್ಟು 24. ಮೂರು ಸುಳಿವುಗಳಿಗೂ ಒಪ್ಪುವುದು ಎಡದಿಂದ ಹಳದಿ, ಹಸಿರು, ಕೆಂಪು, ನೀಲಿ ಎಂಬ ಒಂದೇ ಜೋಡಣೆ. ಇಷ್ಟಕ್ಕೆ ನಿಲ್ಲದೆ ಒಂದೊಂದು ಸುಳಿವನ್ನೂ ತೆಗೆದು ನೋಡಬೇಕು. ಮೊದಲನೆಯದನ್ನು ತೆಗೆದರೆ ಆರು ಜೋಡಣೆಗಳು ಉಳಿಯುತ್ತವೆ, ಎರಡನೆಯದನ್ನು ತೆಗೆದರೆ ಮೂರು, ಮೂರನೆಯದನ್ನು ತೆಗೆದರೆ ಎರಡು. ಅಂದರೆ ಯಾವ ಸುಳಿವೂ ಹೆಚ್ಚಿನದಲ್ಲ, ಯಾವುದನ್ನೂ ಕೈಬಿಡುವಂತಿಲ್ಲ. ಒಂದು ಸುಳಿವನ್ನು ತೆಗೆದರೂ ಉತ್ತರ ಒಂದೇ ಉಳಿಯುವುದಾದರೆ ಆ ಸುಳಿವು ಬೇಡದ ಭಾರ. ಆಟಗಾರರು ಅದರಲ್ಲಿ ಇಲ್ಲದ ಅರ್ಥವನ್ನು ಹುಡುಕುತ್ತಾರೆ. ಈ ತಾಳೆ ನೋಡುವ ಕೆಲಸವನ್ನು ಎಲ್ಲ ಜೋಡಣೆಗಳನ್ನೂ ಕಾಗದದ ಮೇಲೆ ಬರೆದೇ ಮಾಡಿ. ಮನಸ್ಸಿನಲ್ಲೇ ಮಾಡಿದ ಲೆಕ್ಕ ನನಗೆ ಎರಡು ಸಲ ಕೈಕೊಟ್ಟಿದೆ. ಒಮ್ಮೆಯಂತೂ ತಂಡದವರು ನಾನು ಕಾಣದ ಇನ್ನೊಂದು ಸರಿಯುತ್ತರವನ್ನು ಕಂಡುಹಿಡಿದು, ಬೀಗ ತೆರೆಯದೆ, ತಾವೇ ತಪ್ಪಿದೆವೆಂದು ನೊಂದುಕೊಂಡರು.

ಭಾಷೆಯಲ್ಲಿಯೂ ಸಡಿಲಿಕೆ ಇರಬಾರದು. ‘ಪಕ್ಕದಲ್ಲಿ’ ಎಂದರೆ ಎಡವೂ ಆದೀತು, ಬಲವೂ ಆದೀತು. ‘ಎಡ’ ಎಂಬುದು ನೋಡುವವರ ಎಡವೋ ಚಿತ್ರದಲ್ಲಿರುವ ವ್ಯಕ್ತಿಯ ಎಡವೋ ಎಂದು ಹೇಳಿರಬೇಕು. ‘ನಂತರ’ ಎಂದರೆ ಕೂಡಲೇ ನಂತರವೋ ಯಾವಾಗಲಾದರೂ ನಂತರವೋ ಎಂಬ ಸಂಶಯ ಬರುತ್ತದೆ. ಅದಕ್ಕಾಗಿಯೇ ಮೇಲೆ ‘ಅಂಟಿಕೊಂಡೇ’ ಎಂದು ಬರೆದಿದ್ದೇನೆ. ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ಕಾಣದವರೂ ಆಡಲು ಬರುತ್ತಾರೆ, ಆದ್ದರಿಂದ ಬಣ್ಣದ ಜೊತೆಗೆ ತ್ರಿಕೋನ, ವೃತ್ತದಂತಹ ಒಂದು ಗುರುತನ್ನೂ ಹಾಕಿ, ಸುಳಿವಿನಲ್ಲಿ ಅದನ್ನೂ ಹೇಳಿ.

ಹೆಜ್ಜೆ 5: ಬೀಗದ ಲೆಕ್ಕ ಹಾಕಿ

ಮೇಲಿನ ಪುಸ್ತಕಗಳ ಸಮಸ್ಯೆಯಲ್ಲಿ ಇನ್ನೊಂದು ತೊಡಕು ಉಳಿದಿದೆ. ನಾಲ್ಕು ಅಂಕಿಗಳು ಕಣ್ಣಿಗೆ ಬಿದ್ದ ಮೇಲೆ ಕ್ರಮ ತಿಳಿಯದಿದ್ದರೂ 24 ಸಲ ತಿರುಗಿಸಿದರೆ ಬೀಗ ತೆರೆಯಲೇಬೇಕು. ಒಂದು ಪ್ರಯತ್ನಕ್ಕೆ ಎರಡು ಸೆಕೆಂಡು ಎಂದುಕೊಂಡರೂ 48 ಸೆಕೆಂಡುಗಳಲ್ಲಿ ನಿಮ್ಮ ಸಮಸ್ಯೆ ಬಿಡಿಸದೆಯೇ ಮುಗಿದುಹೋಗುತ್ತದೆ. ಅವಸರದಲ್ಲಿರುವ ತಂಡ ಇದನ್ನು ಮಾಡಿಯೇ ಮಾಡುತ್ತದೆ, ಅದರಲ್ಲಿ ಮೋಸವೇನೂ ಇಲ್ಲ.

ಆದ್ದರಿಂದ ಬೀಗಗಳ ಲೆಕ್ಕ ಕೈಯಲ್ಲಿರಬೇಕು. ಮೂರು ಅಂಕಿಯ ಬೀಗಕ್ಕೆ 1,000 ಸಾಧ್ಯತೆಗಳು. ಎರಡು ಸೆಕೆಂಡಿನ ಲೆಕ್ಕದಲ್ಲಿ ಎಲ್ಲವನ್ನೂ ತಿರುಗಿಸಲು ಸುಮಾರು 33 ನಿಮಿಷ. ನಾಲ್ಕು ಅಂಕಿಯದಕ್ಕೆ 10,000; ಐದೂವರೆ ಗಂಟೆಗೂ ಮೀರುತ್ತದೆ. ಆದರೆ ನಾಲ್ಕರಲ್ಲಿ ಮೂರು ಅಂಕಿಗಳು ಅವುಗಳ ಸ್ಥಾನಸಹಿತ ತಿಳಿದಿದ್ದರೆ ಉಳಿಯುವುದು ಹತ್ತೇ ಪ್ರಯತ್ನ, ಎರಡು ತಿಳಿದಿದ್ದರೆ ನೂರು. ವಿಚಿತ್ರವೆನಿಸಬಹುದು, ನಾಲ್ಕು ಬೇರೆ ಬೇರೆ ಅಂಕಿಗಳಿರುವ ಸಂಖ್ಯೆಗಿಂತ, ಮೂರೇ ಅಂಕಿಗಳಿದ್ದು ಯಾವುದು ಎರಡು ಸಲ ಬರುತ್ತದೆಂದು ತಿಳಿಯದ ಸಂಖ್ಯೆ ಹೆಚ್ಚು ಭದ್ರ: ಮೊದಲನೆಯದರಲ್ಲಿ 24 ಜೋಡಣೆಗಳು, ಎರಡನೆಯದರಲ್ಲಿ 36. ಮೇಲಿನ 2133 ಇಂಥದ್ದೇ.

ಪುಸ್ತಕಗಳ ಸಮಸ್ಯೆಗೆ ಪರಿಹಾರ ಎರಡು. ಐದು ಪುಸ್ತಕಗಳನ್ನಿಟ್ಟರೆ 120 ಜೋಡಣೆಗಳಾಗಿ ನಾಲ್ಕು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ತರ್ಕವೇ ಬೇಗ ಮುಗಿಯುತ್ತದೆ. ಇಲ್ಲವೇ ಬೆನ್ನಿನ ಮೇಲೆ ಇಡೀ ಅಂಕಿಯ ಬದಲು ಅರ್ಧರ್ಧ ಗೆರೆಗಳನ್ನು ಬರೆದು, ಪುಸ್ತಕಗಳು ಸರಿಯಾದ ಸಾಲಿನಲ್ಲಿ ನಿಂತಾಗ ಮಾತ್ರ ಗೆರೆಗಳು ಕೂಡಿ ಅಂಕಿಗಳಾಗುವಂತೆ ಮಾಡಬಹುದು. ನನಗೆ ಇದೇ ಹೆಚ್ಚು ಮೆಚ್ಚುಗೆ, ಏಕೆಂದರೆ ಇಲ್ಲಿ ಉತ್ತರ ತನ್ನ ಸಾಕ್ಷಿಯನ್ನು ಕಣ್ಣೆದುರಿಗೇ ತೋರಿಸುತ್ತದೆ. ಮೂರು ಪೆಟ್ಟಿಗೆಗಳಲ್ಲಿ ಯಾವುದರಲ್ಲಿ ಕೀಲಿಯಿದೆ ಎಂಬ ಬಗೆಯ ನಿಜ–ಸುಳ್ಳಿನ ಸಮಸ್ಯೆಗಳನ್ನು ಕಾಗದದಲ್ಲಿ ಆನಂದದಿಂದ ಬಿಡಿಸಬಹುದು, ಕೋಣೆಯಲ್ಲಿ ಮಾತ್ರ ಆಟಗಾರರು ಮೂರನ್ನೂ ತೆರೆದು ನೋಡಿಬಿಡುತ್ತಾರೆ.

ಹೆಜ್ಜೆ 6: ಸುಳಿವುಗಳನ್ನು ಮೊದಲೇ ಬರೆದಿಡಿ

ತಂಡ ಸಿಕ್ಕಿಬಿದ್ದಾಗ ಹೊರಗಿನಿಂದ ಕೊಡುವ ಸುಳಿವನ್ನು ಆ ಹೊತ್ತಿಗೆ ಯೋಚಿಸಿ ಹೇಳಲು ಹೋದರೆ ಒಂದೋ ಉತ್ತರವೇ ಬಾಯಿಂದ ಬಂದುಬಿಡುತ್ತದೆ, ಇಲ್ಲವೇ ಹೊಸ ಗೊಂದಲ ಹುಟ್ಟುತ್ತದೆ. ಪ್ರತಿ ಒಗಟಿಗೂ ಮೂರು ಮೆಟ್ಟಿಲಿನ ಸುಳಿವು ಬರೆದಿಟ್ಟುಕೊಳ್ಳಿ: ಮೊದಲನೆಯದು ಎಲ್ಲಿ ನೋಡಬೇಕೆಂದು ತೋರಿಸಲಿ, ಎರಡನೆಯದು ಹೇಗೆ ನೋಡಬೇಕೆಂದು, ಮೂರನೆಯದು ಉತ್ತರದ ಹೊಸ್ತಿಲಿಗೆ ತಂದು ನಿಲ್ಲಿಸಲಿ. ಮುಳ್ಳಿನ ಒಗಟಿಗೆ ‘ಗೋಡೆಗಳತ್ತ ಕಣ್ಣು ಹಾಯಿಸಿ’, ‘ಮುಳ್ಳು ಗಿಡದಲ್ಲಿ ಮಾತ್ರ ಇರುತ್ತದೆಯೇ?’, ‘ಟಿಕ್ ಟಿಕ್ ಸದ್ದು ಕೇಳಿಸುತ್ತಿದೆಯೇ?’ ಎಂಬ ಮೂರು ಮಾತುಗಳು ಸಾಕು. ಒಂದೇ ಒಗಟಿನ ಮುಂದೆ ತಂಡ ಐದಾರು ನಿಮಿಷ ಮಾತಿಲ್ಲದೆ ನಿಂತರೆ ಕೇಳದಿದ್ದರೂ ಮೊದಲ ಸುಳಿವು ಕೊಡುವುದು ನನ್ನ ರೂಢಿ. ಮಾತಾಡುತ್ತಾ ತಪ್ಪು ದಾರಿಯಲ್ಲಿ ಓಡುತ್ತಿರುವವರನ್ನು ಇನ್ನಷ್ಟು ಹೊತ್ತು ಬಿಡಬಹುದು, ಅವರು ಸಂತೋಷದಲ್ಲಿರುತ್ತಾರೆ.

ಹೆಜ್ಜೆ 7: ಆಡಿಸಿ ನೋಡಿ

ಒಗಟು ಬರೆದವರಿಗೆ ಅದರ ಕಷ್ಟ ಎಂದೂ ಕಾಣುವುದಿಲ್ಲ. ಕನಿಷ್ಠ ಮೂರು ತಂಡಗಳನ್ನಾದರೂ ಕರೆದು ಆಡಿಸಿ, ನೀವು ಬಾಯಿ ಬಿಡದೆ ಮೂಲೆಯಲ್ಲಿ ಕುಳಿತು ಪ್ರತಿ ಒಗಟಿಗೆ ಹಿಡಿದ ನಿಮಿಷಗಳನ್ನು ಬರೆದುಕೊಳ್ಳಿ. ಅವರು ಹೇಳಿದ ತಪ್ಪು ಉತ್ತರಗಳನ್ನು ಒಂದೂ ಬಿಡದೆ ಬರೆದುಕೊಳ್ಳುವುದು ಇನ್ನೂ ಮುಖ್ಯ, ಏಕೆಂದರೆ ಎರಡು ತಂಡಗಳು ಒಂದೇ ತಪ್ಪು ಉತ್ತರ ಹೇಳಿದರೆ ಅದು ನಿಮ್ಮ ಒಗಟಿನ ದೋಷ. ಬೆಂಕಿ ಆರಿಸುವ ಸಾಧನದ ಮೇಲಿನ ಸಂಖ್ಯೆ, ಗಡಿಯಾರದ ಹಿಂಬದಿಯ ತಯಾರಿಕೆಯ ಸಂಖ್ಯೆ ಮುಂತಾದವನ್ನೂ ಆಟಗಾರರು ಒಗಟೆಂದು ತಿಳಿದು ತಾಳೆ ಹಾಕುತ್ತಾರೆ. ಅಂಥವುಗಳ ಮೇಲೆ ‘ಆಟಕ್ಕೆ ಸೇರಿದ್ದಲ್ಲ’ ಎಂಬ ಚೀಟಿ ಅಂಟಿಸಿ. ದಾರಿ ತಪ್ಪಿಸಲೆಂದೇ ಸುಳ್ಳು ಸುಳಿವು ಇಡುವವರಿದ್ದಾರೆ, ನಾನಂತೂ ಇಡುವುದಿಲ್ಲ. ಕೋಣೆಯಲ್ಲಿರುವ ವಸ್ತುಗಳೇ ಬೇಕಾದಷ್ಟು ದಾರಿ ತಪ್ಪಿಸುತ್ತವೆ.

ಹೆಜ್ಜೆ 8: ಬಾಗಿಲು ಮತ್ತು ಮರುಜೋಡಣೆ

ಹೊರಬಾಗಿಲಿಗೆ ನಿಜವಾದ ಬೀಗ ಹಾಕಲೇಬಾರದು. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ನಗರದ ಎಸ್ಕೇಪ್ ರೂಮ್ ಒಂದರಲ್ಲಿ ಬೆಂಕಿ ಬಿದ್ದು, ಹೊರಬರಲಾಗದೆ 15 ವರ್ಷದ ಐವರು ಹುಡುಗಿಯರು ಪ್ರಾಣ ಕಳೆದುಕೊಂಡರು. ಕೊನೆಯ ಒಗಟು ಬಾಗಿಲಿನ ಬದಲು ಒಂದು ಪೆಟ್ಟಿಗೆಯನ್ನು ತೆರೆಯಲಿ, ಆ ಪೆಟ್ಟಿಗೆಯಲ್ಲಿ ಸಿಗುವ ವಸ್ತುವೇ ಗೆಲುವಾಗಲಿ; ಬಾಗಿಲು ಇಡೀ ಆಟದುದ್ದಕ್ಕೂ ಒಳಗಿನಿಂದ ತಳ್ಳಿದರೆ ತೆರೆಯುವಂತಿರಲಿ. ಯಾವ ಒಗಟೂ ಮೇಲೆ ಹತ್ತುವುದನ್ನೋ ವಿದ್ಯುತ್ ಸಾಕೆಟ್ ಮುಟ್ಟುವುದನ್ನೋ ಬೇಡಬಾರದು, ಮತ್ತು ಆ ಮಾತನ್ನು ಆಟದ ಮೊದಲೇ ಹೇಳಿರಬೇಕು.

ಒಂದು ತಂಡ ಹೋಗಿ ಇನ್ನೊಂದು ಬರುವ ನಡುವೆ ಕೋಣೆಯನ್ನು ಮೊದಲಿನಂತೆ ಜೋಡಿಸಲು, ಯಾವ ಕಾರ್ಡ್ ಎಲ್ಲಿ, ಯಾವ ಬೀಗ ಯಾವ ಸಂಖ್ಯೆಯಲ್ಲಿ, ಯಾವ ಪುಸ್ತಕ ಯಾವ ಕಪಾಟಿನಲ್ಲಿ ಎಂದು ಬರೆದ ಪಟ್ಟಿ ಬೇಕು. ಗುರುತು ಹಾಕುತ್ತಾ ಹೋಗಬೇಕು. ಬೀಗ ಮುಚ್ಚಿದ ಮೇಲೆ ಅದರ ಅಂಕಿಗಳನ್ನು ಕಲಸಿಡುವುದನ್ನು ಮರೆಯುವವರೇ ಹೆಚ್ಚು. ಆಟಗಾರರಿಗೆ ಬರೆದುಕೊಳ್ಳಲು ಕೊಟ್ಟ ಪುಸ್ತಕದ ಮೇಲಿನ ಹಾಳೆಯನ್ನು ಹರಿದರಷ್ಟೇ ಸಾಲದು, ಅದರ ಕೆಳಗಿನ ಎರಡು ಹಾಳೆಗಳನ್ನೂ ಹರಿಯಿರಿ: ಒತ್ತಿ ಬರೆದ 2133ರ ಅಚ್ಚು ಓರೆಬೆಳಕಿನಲ್ಲಿ ಮುಂದಿನ ತಂಡಕ್ಕೆ ಚೆನ್ನಾಗಿಯೇ ಕಾಣುತ್ತದೆ.